ಹೆಬ್ಬೆರಳಗಲ ದೊಡ್ಡದಾದ ಚಪ್ಪಲಿ

ಖಾತುನ ಮಸ್ಕತ್ತಿನಿಂದ ಬಂದ ಮರುದಿನ ಬೆಳಿಗ್ಗೆ ನನ್ನ ಬಾಗಿಲಿಗೆ ಬಂದಳು. ನಾನು ರೊಟ್ಟಿ ಬಡಿಯುತ್ತಾ ಕೂತಿದ್ದೆ. ಬಾಗಿಲು ತೆರೆದೇ ಇತ್ತು. ಆದರೂ ಎರಡು ಸಲ ಬೆರಳಿನಿಂದ ತಟ್ಟಿ, ಚಪ್ಪಲಿ ಹೊರಗೆ ಬಿಟ್ಟು, ಕೈಕಟ್ಟಿ ನಿಂತಳು.

"ಒಳಗ ಬರ್ಲೇನ್ರಿ ಅಕ್ಕಾ?"

"ಇದೇನವ್ವಾ ಹೊಸಾದು? ಹಿಂದಕ ನನ್ನ ಬುಟ್ಟ್ಯಾಗಿನ ರೊಟ್ಟಿನೂ ಕೇಳದ ಮುರಕೊಂಡು ತಿಂತಿದ್ದಿ."

ನಕ್ಕಳು. ಒಳಗೆ ಬಂದಳು, ಆದರೆ ಕೂಡಲಿಲ್ಲ. ಒಂದು ರೊಟ್ಟಿ, ಸ್ವಲ್ಪ ಶೇಂಗಾ ಚಟ್ನಿ ಹಾಕಿ ಕೊಟ್ಟೆ. ನಾನು ತಿಂದು ಕೈತೊಳೆಯುವವರೆಗೂ ತಟ್ಟೆ ಹಿಡಿದುಕೊಂಡೇ ನಿಂತಿದ್ದಳು. ಆಮೇಲೆ ಒಲೆಯ ಮಗ್ಗುಲಲ್ಲಿ, ಗೋಡೆಯ ಕಡೆ ಮುಖ ಮಾಡಿ, ನಿಂತೇ ತಿಂದಳು. ಹದಿನೇಳು ವರ್ಷ ಬೇರೆಯವರ ಮನೆಯ ಅಡುಗೆಮನೆಯಲ್ಲಿ ತಿಂದವಳ ಊಟ ಅದು. ನಾನು ನೋಡಿಯೂ ನೋಡದವಳಂತೆ ಹಿಟ್ಟು ನಾದಿದೆ.

ವಾಸ್ಕೋದ ಮಂಗೋರ್ ಹಿಲ್ಲಿನಲ್ಲಿ ನಮ್ಮದು ಮೆಟ್ಟಿಲುಗಳ ಮೇಲಿನ ಸಾಲು. ರಿಕ್ಷಾ ಕೆಳಗೇ ನಿಲ್ಲುತ್ತದೆ. ಗ್ಯಾಸಿನ ಸಿಲಿಂಡರು, ಅಕ್ಕಿ ಚೀಲ, ಬಸುರಿ ಹೆಂಗಸು, ಯಾವುದೇ ಇರಲಿ, ಐವತ್ತೆರಡು ಮೆಟ್ಟಿಲು ಹತ್ತಿಯೇ ಬರಬೇಕು. ನಾವೆಲ್ಲ ಘಟ್ಟದ ಮೇಲಿನಿಂದ ಕೂಲಿಗೆ ಬಂದವರು. ಖಾತುನಳ ಗಂಡ ರಾಜಮಹ್ಮದ ಲಾರಿಯಲ್ಲಿ ಹಮಾಲಿ ಮಾಡುತ್ತಿದ್ದ. ಕಾಮಾಲೆಯಾಗಿ ಹದಿನೈದೇ ದಿನದಲ್ಲಿ ತೀರಿಕೊಂಡ. ಆಗ ಮಗಳು ಜಾಸ್ಮೀನಳಿಗೆ ಆರು ವರ್ಷ. ಮುಂದಿನ ವರ್ಷ ಖಾತುನ ಮಗಳನ್ನು ಅಕ್ಕ ನೂರಜಹಾನಳ ಮಡಿಲಿಗೆ ಹಾಕಿ ಮಸ್ಕತ್ತಿಗೆ ಮನೆಗೆಲಸಕ್ಕೆ ಹೋದಳು. ನೂರಜಹಾನಳ ಮನೆ ನನ್ನ ಮನೆಯ ಎದುರಿಗೇ. ಅವಳ ಮಾತು ಮೆಣಸಿನಕಾಯಿ, ಕೈ ಮಾತ್ರ ಬೆಣ್ಣೆ. ತನಗೆ ಮಕ್ಕಳಿಲ್ಲದ ಮನೆಯಲ್ಲಿ ತಂಗಿಯ ಮಗಳನ್ನು ಕಣ್ಣಲ್ಲಿಟ್ಟುಕೊಂಡು ಸಾಕಿದಳು.

ಮಸ್ಕತ್ತಿನಲ್ಲಿ ಖಾತುನಳಿಗೆ ಸಿಕ್ಕದ್ದು ಹಾಸಿಗೆ ಹಿಡಿದ ಒಬ್ಬ ಮುದುಕಿಯ ಸೇವೆ. ಆ ಮುದುಕಿ ಇವಳ ಕೈಯಿಂದಲ್ಲದೆ ನೀರೂ ಕುಡಿಯುತ್ತಿರಲಿಲ್ಲವಂತೆ. ಹೀಗಾಗಿ ರಜೆ ಎಂದರೆ ಆ ಮನೆಯವರು "ಈ ವರ್ಷ ಬೇಡ, ಮುಂದಿನ ವರ್ಷ" ಎನ್ನುವರು. ಹಾಗೆ ಎಂಟು ವರ್ಷ ಹೋಯಿತು. ಆಮೇಲೆ ಒಂದು ಸಲ ನಲವತ್ತು ದಿನಕ್ಕೆ ಬಂದಳು. ಇನ್ನೊಂದು ಸಲ ಮಗಳ ಮದುವೆಗೆ ಇಪ್ಪತ್ತು ದಿನ. ಕಳೆದ ಚಳಿಗಾಲದಲ್ಲಿ ಮುದುಕಿ ಸತ್ತಳು. ಇವಳ ಕೆಲಸವೂ ಮುಗಿಯಿತು, ಬಂದುಬಿಟ್ಟಳು.

"ಆಕಿ ಪಾದಾ ದಿನಾ ತಿಕ್ಕತಿದ್ದೆ ಅಕ್ಕಾ" ಎಂದು ಒಂದು ದಿನ ನನ್ನ ಕಟ್ಟೆಯ ಮೇಲೆ ಹೇಳಿದಳು. ಅಷ್ಟು ಹೊತ್ತಿಗೆ ಕೂಡಲು ಕಲಿತಿದ್ದಳು, ಊಟ ಮಾತ್ರ ನಿಂತೇ. "ಉಗುರು ಕತ್ತರಿಸತಿದ್ದೆ, ಹಿಮ್ಮಡಿಗೆ ಎಣ್ಣಿ ಹಚ್ಚತಿದ್ದೆ. ಕಣ್ಣು ಕಟ್ಟಿ ನೂರು ಕಾಲು ಮುಂದಿಟ್ರೂ ಆಕಿ ಕಾಲು ಹುಡುಕಿ ಕೊಡ್ತೇನಿ. ನನ್ನ ಮಗಳ ಕಾಲು ಮಾತ್ರ ನನಗ ಕಾಗದದಾಗ ಬರತಿತ್ತು."

ಕಾಗದದಲ್ಲಿ ಕಾಲು ಎಂದರೆ ಹೇಳುತ್ತೇನೆ. ನಮ್ಮ ಸಾಲಿನಿಂದ ಯಾರಾದರೂ ಮಸ್ಕತ್ತಿಗೋ ದುಬೈಗೋ ಹೊರಟರೆ ಅವರ ಕೈಯಲ್ಲಿ ಹಪ್ಪಳ, ಉಪ್ಪಿನಕಾಯಿಯ ಜೊತೆ ಮಕ್ಕಳ ಅಳತೆಯೂ ಹೋಗುತ್ತಿತ್ತು. ಅಂಗಿಗೆ ದಾರ. ಚಪ್ಪಲಿಗೆ ಕಾಗದ. ಹಳೆಯ ಕ್ಯಾಲೆಂಡರಿನ ಹಾಳೆ ನೆಲಕ್ಕೆ ಹಾಸಿ, ಮಗುವನ್ನು ಅದರ ಮೇಲೆ ನಿಲ್ಲಿಸಿ, ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯುವುದು. ಅಲ್ಲಿಂದ ತಾಯಿಯೋ ತಂದೆಯೋ ಆ ಕಾಗದವನ್ನು ಅಂಗಡಿಗೆ ಒಯ್ದು ಚಪ್ಪಲಿ ಕೊಳ್ಳುವರು. ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಪೌಡರು, ಹಾಲಿನಪುಡಿ, ಕಂಬಳಿಯ ಜೊತೆ ಅದು ಹಡಗಿನಲ್ಲಿ ಬರುವುದು. ನೂರಜಹಾನ ಬೆಳಿಗ್ಗೆಯೇ ಗೋಡಂಬಿ ಕಾರ್ಖಾನೆಗೆ ಹೋಗುತ್ತಿದ್ದಳು. ನನ್ನ ಮನೆಯ ನೆಲ ಸಿಮೆಂಟಿನದು, ಸಮ. ಹೀಗಾಗಿ ಜಾಸ್ಮೀನಳ ಕಾಲಿನ ಅಳತೆ ತೆಗೆಯುವ ಕೆಲಸ ನನ್ನದಾಗಿತ್ತು. ವರ್ಷಕ್ಕೊಂದು ಸಲ, ಎಂಟು ವರ್ಷ.

ಕಚಗುಳಿ ಇಟ್ಟಂತೆ ಆಗಿ ಹುಡುಗಿ ಕುಣಿಯುತ್ತಿದ್ದಳು. "ಸುಮ್ಮ ನಿಂದ್ರ, ಇಲ್ಲಾಂದ್ರ ನಿಮ್ಮಮ್ಮಿ ಆನಿಕಾಲಿನ ಚಪ್ಪಲ್ ಕಳಸ್ತಾಳ" ಎಂದು ಹೆದರಿಸುತ್ತಿದ್ದೆ. ಮಾತು ಹೀಗೆ ನಿಜವಾಗುತ್ತದೆಂದು ಯಾರಿಗೆ ಗೊತ್ತಿತ್ತು?

ಈಗ ಜಾಸ್ಮೀನಳಿಗೆ ಇಪ್ಪತ್ನಾಲ್ಕು. ಗಂಡ ಪರ್ವೇಜ ಸಾಂಕೋಲೆಯ ಒಂದು ಕಾರ್ಖಾನೆಯಲ್ಲಿ ಮಾಲು ಎತ್ತುವ ಗಾಡಿ ಓಡಿಸುತ್ತಾನೆ. ಕಾರ್ಖಾನೆಯ ಹತ್ತಿರವೇ ಬಾಡಿಗೆ ಕೋಣೆ. ಖಾತುನ ಬಂದಾಗ ಜಾಸ್ಮೀನ ನಾಲ್ಕು ತಿಂಗಳ ಬಸುರಿ. ಚೊಚ್ಚಲ ಹೆರಿಗೆ ತಾಯಿಯ ಮನೆಯಲ್ಲೇ ಆಗಬೇಕು. ಅವರಲ್ಲೂ ಅಷ್ಟೇ, ನಮ್ಮಲ್ಲೂ ಅಷ್ಟೇ. ಖಾತುನ ಅದಕ್ಕಾಗಿಯೇ ನನ್ನ ಮಗ್ಗುಲಿನ ಕೋಣೆ ಬಾಡಿಗೆಗೆ ಹಿಡಿದಳು. ಮಂಚ ಹಾಕಿಸಿದಳು. ಬಾಣಂತಿಯ ಉಂಡೆಗೆ ಅಂಟು, ಅಜವಾನ, ಒಣಕೊಬ್ಬರಿ ತಂದು ಡಬ್ಬಿ ತುಂಬಿದಳು. ಬಾಣಂತಿಗೆ ಕಾಸಲು ಇದ್ದಿಲು ಕೂಡ ಮೂಲೆಗೆ ಬಂತು. ಏಳನೆಯ ತಿಂಗಳಲ್ಲಿ ಹಸಿರು ಬಳೆ ಇಡಿಸಿ ಕರೆತರಲು ಹೋದಳು.

ಹುಡುಗಿ ಬರಲಿಲ್ಲ. "ಖಾಲಾನ ಮನಿಗೆ ಬೇಕಾದ್ರ ಬರ್ತೇನಿ. ಇಲ್ಲಾ, ಇಲ್ಲೇ ಇರ್ತೇನಿ" ಎಂದಳಂತೆ.

ಅವಳ ಖಾಲಾ, ದೊಡ್ಡಮ್ಮ ನೂರಜಹಾನ ಆ ಮಾತು ಕೇಳಿ ಸಿಡಿದಳು. "ನನ್ನ ಮೊಣಕಾಲು ಮಡಚೂದಿಲ್ಲ, ಬಚ್ಚಲಕ್ಕ ಹೋಗಾಕ ನನಗ ಇಬ್ಬರು ಬೇಕು. ಬಾಣಂತನ ನಾ ಮಾಡ್ಲೋ, ಆಕಿ ನನಗ ಮಾಡ್ತಾಳೋ?"

ಎಂಟನೆಯ ತಿಂಗಳು ಬಿತ್ತು. ಮಂಚ ಖಾಲಿ ಇತ್ತು.

ಮೇ ತಿಂಗಳ ಕೊನೆಗೆ, ಮಳೆಗಾಲಕ್ಕೆ ಮುಂಚೆ, ನಮ್ಮಲ್ಲಿ ಎಲ್ಲರೂ ಹೆಂಚು ತಿರುವಿ ತಾಡಪತ್ರಿ ಹಾಕಿಸುತ್ತಾರೆ. ಅಕ್ಕನ ಮನೆಯ ಅಟ್ಟ ಖಾಲಿ ಮಾಡಲು ಖಾತುನ ಹತ್ತಿದಳು. ಅರ್ಧ ತಾಸಿನ ಮೇಲೆ ಒಂದು ಗೋಣಿಚೀಲ ಎದೆಗವಚಿಕೊಂಡು ನೇರ ನನ್ನ ಮನೆಗೆ ಬಂದಳು. ಈ ಸಲ ಬಾಗಿಲು ತಟ್ಟಲಿಲ್ಲ. ಚೀಲವನ್ನು ನೆಲಕ್ಕೆ ಸುರುವಿದಳು.

ಎಂಟು ಜೋಡಿ ಚಪ್ಪಲಿ. ಸಣ್ಣದರಿಂದ ದೊಡ್ಡದಕ್ಕೆ. ಕೆಂಪು, ಬಿಳಿ, ಬಂಗಾರದ ಬಣ್ಣದ್ದು. ಕೆಲವಕ್ಕೆ ಬೂಷ್ಟು ಹಿಡಿದಿತ್ತು, ಎರಡರ ಅಟ್ಟೆ ಮುಟ್ಟಿದರೆ ಪುಡಿಯಾಗುತ್ತಿತ್ತು. ಕೆಲವಕ್ಕೆ ಬೆರಳಿನ ಜಾಗದಲ್ಲಿ ತುರುಕಿದ ತೆಳು ಕಾಗದ ಇನ್ನೂ ಹಾಗೇ ಇತ್ತು.

"ನೋಡ್ರಿ ಅಕ್ಕಾ, ಅಟ್ಟಿ ಸವದಿಲ್ಲ. ಹರದಿರಬೇಕು, ಒಗದಿರಬೇಕು ಅಂತ ತಿಳಕೊಂಡಿದ್ದೆ. ಆಕಿ ಕಾಲೇ ಹಾಕಿಲ್ಲ." ಅವಳ ದನಿಯಲ್ಲಿ ಅಳು ಇರಲಿಲ್ಲ. ಅದರಿಂದಲೇ ನನಗೆ ಹೆದರಿಕೆಯಾಯಿತು. "ಸಣ್ಣಾಕಿದ್ದಾಗಿಂದನೂ ನಾ ಬ್ಯಾಡಾಗಿದ್ದೆ ಆಕಿಗೆ. ನನಗ ಈಗ ತಿಳೀತು."

ಎದ್ದು ನಿಂತಳು. "ವಾಸ್ಕೋದ ಏಜೆಂಟ ಎರಡು ಸಲ ಫೋನ್ ಮಾಡ್ಯಾನ. ಕುವೈತದಾಗ ಒಂದು ಮನಿ ಐತಂತ, ಅಲ್ಲೂ ಒಬ್ಬಾಕಿ ಮುದುಕಿ. ಶುಕ್ರವಾರ ನಮಾಜ್ ಆದಮ್ಯಾಲೆ ಪಾಸ್‌ಪೋರ್ಟ್ ಒಯ್ಯಾಕ ಬಾ ಅಂತ ಹೇಳ್ತೇನಿ."

ಅಂದು ಸೋಮವಾರ.

ಅವಳು ಹೋದ ಮೇಲೆ ನಾನು ಚಪ್ಪಲಿಗಳನ್ನು ಸಾಲಾಗಿ ಇಟ್ಟೆ. ಆ ಕಾಲುಗಳ ಸುತ್ತ ಗೆರೆ ಎಳೆದವಳು ನಾನು. ಕಣ್ಣು ಮಂಜಾದರೂ ಕೈಗೆ ನೆನಪಿರುತ್ತದೆ. ಒಂದನ್ನು ಕೈಯಲ್ಲಿ ಹಿಡಿದು, ಏಳು ವರ್ಷದ ಹುಡುಗಿಗೆ ಇದು ಹೇಗೆ, ಎಂಟು ವರ್ಷದವಳಿಗೆ ಇದು ಹೇಗೆ ಎಂದು ನೋಡುತ್ತಾ ಹೋದೆ. ಎಲ್ಲವೂ ದೊಡ್ಡವು. ಸ್ವಲ್ಪ ಅಲ್ಲ, ಭಾಳ ದೊಡ್ಡವು.

ಒಂದಿಷ್ಟು ದೊಡ್ಡವಿರುತ್ತವೆ ಎಂಬುದು ನನಗೆ ಗೊತ್ತಿತ್ತು. ಯಾಕೆಂದರೆ ಗೆರೆ ಎಳೆಯುವಾಗ ನಾನೇ ಬೆರಳುಗಳ ಮುಂದೆ ನನ್ನ ಹೆಬ್ಬೆರಳು ಅಡ್ಡ ಇಟ್ಟು, ಅದರ ಆಚೆಗೆ ಗೆರೆ ಎಳೆಯುತ್ತಿದ್ದೆ. ಕಾಗದ ಹೋಗಿ, ಚಪ್ಪಲಿ ಬರುವಷ್ಟರಲ್ಲಿ ಹುಡುಗಿ ಬೆಳೆಯುತ್ತಾಳಲ್ಲ. ಯಾರಿಗೂ ಹೇಳಿರಲಿಲ್ಲ. ಇದರಲ್ಲಿ ಹೇಳುವುದೇನಿದೆ? ಬೆಳೆಯುವ ಮಕ್ಕಳಿಗೆ ಅಂಗಿ ಹೊಲಿಸುವಾಗ ಎಲ್ಲರೂ ಹಾಗೇ ಮಾಡುತ್ತಾರೆ. ಆದರೆ ಇವು ನನ್ನ ಹೆಬ್ಬೆರಳಿಗಿಂತಲೂ ದೊಡ್ಡವಿದ್ದವು.

ಮರುದಿನ ಖಾತುನಳನ್ನು ಕೇಳಿದೆ. "ಅಂಗಡ್ಯಾಗ ಹೆಂಗ ತಗೋತಿದ್ದಿ?"

"ಕಾಗದಾ ಇಟ್ಟು ನೋಡಿ ತಗೋತಿದ್ದೆ."

"ಕಾಗದಕ್ಕ ಸಮ?"

"ಸಮ ಹೆಂಗ ತಗೊಳ್ಳಾಕ ಬರತೈತ್ರಿ? ಪೆಟಗಿ ಹಡಗಿನ್ಯಾಗ ಬರೂದು. ತಿಂಗಳಗಟ್ಟಲೆ ಆಗತೈತಿ. ಹುಡುಗಿ ಬೆಳೆಯೂದಿಲ್ಲೇನ? ಒಂದು ಬೆರಳು ಹೆಚ್ಚಿಗಿ ಹಿಡದ ತಗೋತಿದ್ದೆ."

ನನ್ನ ಕೈಯಲ್ಲಿದ್ದ ಹಿಟ್ಟು ಹಾಗೇ ನಿಂತಿತು. "ಖಾತುನ, ನಾನೂ ಒಂದು ಹೆಬ್ಬೆರಳು ಹೆಚ್ಚಿಗಿ ಹಿಡದ ಗೆರಿ ಎಳಿತಿದ್ದೆ" ಎಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ನನ್ನ ಹೆಬ್ಬೆರಳು ನೋಡಿದಳು. ರೊಟ್ಟಿ ಬಡಿದು ಬಡಿದು ಅದು ಸಣ್ಣ ಸೌಟಿನಷ್ಟು ಅಗಲವಾಗಿದೆ.

"ಎಂಟು ವರ್ಷಾನೂ?"

"ಎಂಟೂ ವರ್ಷ."

ಆಗ ನೂರಜಹಾನಳನ್ನೂ ಕರೆದೆ. ಗೋಡೆ ಹಿಡಿದು ಬಂದಳು. ಅವಳು ಎಲ್ಲ ಒಪ್ಪಿಕೊಂಡಳು, ಒಪ್ಪಿಕೊಳ್ಳುತ್ತಲೇ ಬೈದಳು. "ಪೆಟಗಿ ಬಂದಾಗ ದೊಡ್ಡದು. ಬರೋ ವರ್ಷ ಹಾಕ್ಕೋತಾಳ ಅಂತ ಅಟ್ಟದ ಮ್ಯಾಲೆ ಇಡೂದು. ಕಾಲು ಸರಿ ಬರೂ ಹೊತ್ತಿಗೆ ಮಳಿಗಾಲ, ಕೆಸರಾಗ ಯಾರ ಹಾಕ್ಕೋತಾರ? ಮಳಿ ಮುಗಿದು ತಗದ ನೋಡಿದ್ರ ಸಣ್ಣದು! ಅಷ್ಟರಾಗ ಮತ್ತೊಂದು ಪೆಟಗಿ, ಮತ್ತೊಂದು ದೊಡ್ಡದು."

"ಫೋನಿನ್ಯಾಗ ಹೇಳಬೇಕಿಲ್ಲೋ ಆಪಾ?" ಎಂದಳು ಖಾತುನ. "'ಹಾಕ್ಕೊಂಡು ಕುಣ್ಯಾಕತ್ತಾಳ' ಅಂತ ಹೇಳ್ತಿದ್ದಿ ನನಗ."

"ಪರದೇಶದಾಗ ಒಬ್ಬಾಕೀನ ಕುಂತು ಅಳಾಕಿಗೆ, ನೀ ಕಳಿಸಿದ್ದು ಸರಿ ಇಲ್ಲ ಅಂತ ಯಾವ ಬಾಯಿಲೆ ಹೇಳ್ಲೇ?"

ನಮ್ಮಲ್ಲಿ ದೂರ ಇದ್ದವರಿಗೆ ಕೆಟ್ಟದ್ದು ಹೇಳುವುದಿಲ್ಲ. ಜ್ವರ ಬಂದರೂ ಚೆನ್ನಾಗಿದ್ದೇವೆ ಎನ್ನುತ್ತೇವೆ. ಅಲ್ಲಿಂದ ಅವರೂ ಹಾಗೇ ಎನ್ನುತ್ತಾರೆ. ಹಾಗೆ ಹೇಳಿ ಹೇಳಿ ಹದಿನೇಳು ವರ್ಷ ಎರಡೂ ಕಡೆ ಚೆನ್ನಾಗಿಯೇ ಇದ್ದೆವು.

"ಆಗಿದ್ದ ಆಗಿ ಹೋತು" ಎಂದಳು ಖಾತುನ ಕೊನೆಗೆ. "ಆಕಿಗೆ ಇದನ್ನೆಲ್ಲಾ ಹೇಳಾಕ ಹೋಗಬ್ಯಾಡ್ರಿ. ಬಸುರಿ ಹೆಂಗಸಿನ ಮುಂದ ಅಳೂದು ಬ್ಯಾಡ. ಶುಕ್ರವಾರ ಏಜೆಂಟ ಬರ್ತಾನ."

ನಾನು ಹೂಂ ಅಂದೆ. ಆದರೆ ತಪ್ಪಿನಲ್ಲಿ ಒಂದು ಹೆಬ್ಬೆರಳು ನನ್ನದು. ಅವಳು ಬೇಡ ಎಂದರೆ ಬಿಡಲು ಅದು ಅವಳದಲ್ಲ. ಎಂಟರಲ್ಲಿ ಕೊನೆಯ ಜೋಡಿ ಗಟ್ಟಿಯಿತ್ತು. ಕಂದು ಬಣ್ಣದ ಚರ್ಮ, ದಾರ ಹಾಕಿ ಹೊಲಿದ ಅಟ್ಟೆ. ಬೂಷ್ಟು ಒರೆಸಿ ಕೊಬ್ಬರಿ ಎಣ್ಣೆ ಹಚ್ಚಿದೆ. ಬುಧವಾರ ರೊಟ್ಟಿಯ ಬುಟ್ಟಿಯಲ್ಲಿ ಅದನ್ನು ಬಟ್ಟೆ ಸುತ್ತಿ ಇಟ್ಟುಕೊಂಡು ಸಾಂಕೋಲೆಯ ಬಸ್ಸು ಹತ್ತಿದೆ. ಕಂಡಕ್ಟರ "ಫುಡೆ ವಚ್, ಫುಡೆ ವಚ್" ಎಂದು ನೂಕುತ್ತಲೇ ಇದ್ದ. ಮುಂದೆ ಹೋಗಲು ಜಾಗವೆಲ್ಲಿತ್ತು?

ಜಾಸ್ಮೀನ ಬಾಗಿಲಲ್ಲೇ ಕಾಲು ಚಾಚಿ ಕೂತಿದ್ದಳು. ನನ್ನನ್ನು ನೋಡಿ ಏಳಲು ಹೋದಳು, ಆಗಲಿಲ್ಲ. ಕಾಲು ಬಾತು ಹಲಸಿನ ಹಣ್ಣಾಗಿದ್ದವು.

"ದವಾಖಾನಿಗೆ ತೋರ್ಸಿದಿ?"

"ತೋರ್ಸೇನಿ ಆಯಿ. ಅಂಜೂದೇನಿಲ್ಲ, ಕಾಲು ಮ್ಯಾಲಿಟ್ಟುಕೊಂಡು ಕೂಡ್ರು ಅಂದಾರ. ಚಪ್ಪಲ್ ಒಂದೂ ಹೋಗವಲ್ಲವು."

ಒಳಗಿನಿಂದ ಪರ್ವೇಜ ಅಂಗಿ ಗುಂಡಿ ಹಾಕಿಕೊಳ್ಳುತ್ತಾ ಬಂದ. "ನನ್ನ ರಬ್ಬರ್ ಚಪ್ಪಲ್ ಆಕಿ ಹಾಕ್ಕೊಂಡಾಳ್ರಿ ಆಯಿ. ನಾ ಡ್ಯೂಟಿಗೆ ಬರಿಗಾಲಾಗ ಹೋಗೂದೈತಿ. ನೀವರೆ ನ್ಯಾಯಾ ಹೇಳ್ರಿ."

"ಬೂಟ್ ಹಾಕ್ಕೊಂಡ ಹೋಗ್ತಾರ, ನಾಟಕಾ ಮಾಡ್ತಾರ" ಎಂದಳು ಅವಳು. ಅವನು ನಗುತ್ತಾ ಹೋದ.

ಆಮೇಲೆ ನಾನು ಬುಟ್ಟಿಯಿಂದ ಗಂಟು ತೆಗೆದು ಬಿಚ್ಚಿದೆ. ಅವಳ ನಗು ನಿಂತುಹೋಯಿತು.

"ಇದನ್ಯಾಕ ತಂದಿ?"

"ನಿಮ್ಮಮ್ಮಿಗೆ ಸಿಕ್ಕಾವ. ಎಂಟೂ."

ಜಾಸ್ಮೀನ ಮುಖ ಆ ಕಡೆ ಮಾಡಿದಳು. ಆಮೇಲೆ ತಾನೇ ಹೇಳಿದಳು. "ಮೂರನೇ ಇಯತ್ತೆದಾಗ ಇದ್ದಾಗ ರಮಜಾನ್ ಈದಿಗೆ ಬಂಗಾರದ ಬಣ್ಣದ್ದು ಹಾಕ್ಕೊಂಡಿದ್ದೆ. ನಮ್ಮಮ್ಮಿ ಕಳಿಸ್ಯಾಳ ಅಂತ ಇಡೀ ಓಣಿಗೆ ಹೇಳಿದ್ದೆ. ಖಾಲಾ ಮುಂದ ಹತ್ತಿ ತುರುಕಿ ಕೊಟ್ಟಿದ್ಳು. ಮೆಟ್ಟಲಾ ಇಳೀವಾಗ ಮುಗ್ಗರಿಸಿ ಬಿದ್ದೆ. ಚಪ್ಪಲ್ ಒಂದು ಕಡೆ, ಹತ್ತಿ ಒಂದು ಕಡೆ. ಎಲ್ಲಾ ಹುಡುಗ್ರೂ ನಕ್ಕರು. 'ನಿಮ್ಮಮ್ಮಿಗೆ ನಿನ್ನ ಕಾಲು ಎಷ್ಟೈತಂತ ಗೊತ್ತಿಲ್ಲೇನಲೇ' ಅಂದರು. ಖರೇನ ಅಂದಿದ್ರು. ಆಮ್ಯಾಲೆ ನಾ ಹಾಕಲಿಲ್ಲ."

ಆ ದಿನ ನನಗೆ ನೆನಪಿತ್ತು. ಮೊಣಕಾಲಿಗೆ ಅರಿಶಿನ ಹಚ್ಚಿದವಳು ನಾನೇ. ಯಾಕೆ ಬಿದ್ದಳೆಂದು ಮಾತ್ರ ಕೇಳಿರಲಿಲ್ಲ.

ನಾನು ನನ್ನ ಹೆಬ್ಬೆರಳಿನ ಕಥೆ ಹೇಳಿದೆ. ಅವಳಮ್ಮನ ಬೆರಳಿನ ಕಥೆಯನ್ನೂ ಹೇಳಿದೆ. ಏಜೆಂಟನ ಮಾತನ್ನೂ ಮುಚ್ಚಿಡಲಿಲ್ಲ. ಹೇಳಿದರೆ ಎಲ್ಲ ಸರಿಹೋಗುತ್ತದೆಂದು ನಾನು ಬಸ್ಸಿನುದ್ದಕ್ಕೂ ಅಂದುಕೊಂಡು ಬಂದಿದ್ದೆ. ಮುದುಕಿಯ ಬುದ್ಧಿ.

ಜಾಸ್ಮೀನ ಎಲ್ಲ ಕೇಳಿದಳು. "ಅಳತಿ ತಪ್ಪಿದ್ದು ನಿಂದೂ ಇರ್ಲಿ, ಆಕೀದೂ ಇರ್ಲಿ ಆಯಿ" ಎಂದಳು. "ಎಂಟು ವರ್ಷ ಕಾಲು ನೋಡಾಕ ಬರಲಿಲ್ಲಲ್ಲಾ, ಅದು ಯಾರ ಬೆರಳಿನ ತಪ್ಪು?"

ಒಂದು ಗುಟುಕು ನೀರು ಕುಡಿದೆ, ರೊಟ್ಟಿ ಅವಳ ತಟ್ಟೆಗಿಟ್ಟೆ.

"ನಿಮ್ಮಮ್ಮಿ ಇನ್ನೂ ನಿಂತ ಊಟಾ ಮಾಡ್ತಾಳ" ಎಂದೆ, ಏಳುವಾಗ. "ಅಷ್ಟು ಗೊತ್ತೈತಿ ನನಗ. ಬ್ಯಾರೇದು ಗೊತ್ತಿಲ್ಲ."

ಚಪ್ಪಲಿ ಅಲ್ಲೇ ಬಿಟ್ಟು ಬಂದೆ. ವಾಪಸ್ ಒಯ್ಯಿ ಎಂದು ಅವಳೂ ಅನ್ನಲಿಲ್ಲ.

ಗುರುವಾರ ಮಧ್ಯಾಹ್ನ ಬಿಸಿಲು ಕಾದ ಹಂಚಿನಂತಿತ್ತು. ಖಾತುನ ಕೋಣೆಯ ಡಬ್ಬಿಗಳನ್ನು ಒಂದೊಂದಾಗಿ ನನ್ನ ಮನೆಗೆ ಸಾಗಿಸುತ್ತಿದ್ದಳು. "ಅಂಟು ನೀವು ತಿನ್ರಿ, ನಡಾ ಗಟ್ಟಿ ಆಗತೈತಿ" ಎಂದಳು. ಪಾಸ್‌ಪೋರ್ಟು ಗೋಡೆಯ ಗೂಡಿನಲ್ಲಿ, ಕೈಗೆ ಸಿಗುವಂತೆ ಇತ್ತು. ಆಗ ಎದುರಿನಿಂದ ನೂರಜಹಾನ ಕೂಗಿದ್ದು ಕೇಳಿತು. "ಅಯ್ಯ ಹಗೂರಕ! ಎಡಕ್ಕ ಹಿಡಿ! ಪರ್ವೇಜ, ಚೀಲಾ ಬಿಟ್ಟು ಆಕೀನ ಹಿಡಿಯೋ!"

ಖಾತುನ ಹೊರಗೆ ಬಂದಳು. ನಾನೂ ಬಂದೆ.

ಜಾಸ್ಮೀನ ಮೆಟ್ಟಿಲು ಹತ್ತಿ ಬರುತ್ತಿದ್ದಳು. ಹತ್ತು ಮೆಟ್ಟಿಲಿಗೆ ಒಮ್ಮೆ ನಿಲ್ಲುವಳು. ಮೇಲೆ ಬಂದು ನಿಂತಾಗ ಅವಳ ಮುಖ ಕೆಂಪಾಗಿ ಬೆವರು ಇಳಿಯುತ್ತಿತ್ತು. ಖಾತುನ ಮುಖ ನೋಡಲೇ ಇಲ್ಲ. ಅವಳು ನೋಡಿದ್ದು ಕಾಲು. ಕಂದು ಚಪ್ಪಲಿ ಆ ಬಾತ ಪಾದಗಳನ್ನು ಸುತ್ತಿ ಹಿಡಿದಿತ್ತು.

ಬಾ ಎನ್ನಲಿಲ್ಲ, ಅಪ್ಪಿಕೊಳ್ಳಲಿಲ್ಲ. ಅಲ್ಲೇ ಕುಕ್ಕರಗಾಲಲ್ಲಿ ಕೂತು, ಅಂಗಡಿಯವರು ಒತ್ತಿ ನೋಡುವಂತೆ, ಚಪ್ಪಲಿಯ ತುದಿಯಲ್ಲಿ ಹೆಬ್ಬೆರಳು ಒತ್ತಿ ನೋಡಿದಳು. ಜಾಸ್ಮೀನಳಿಗೆ ಜೋಲಿ ಹೋದಂತಾಯಿತು. ಹಿಡಿಯಲು ಬೇರೆ ಏನೂ ಸಿಗದೆ ಅವ್ವನ ತಲೆಯ ಮೇಲೆ ಕೈ ಊರಿದಳು. ಕೈ ಅಲ್ಲೇ ಇತ್ತು.

"ಎಡಗಾಲಿಗೆ ಸರಿ ಐತಿ" ಎಂದಳು ಖಾತುನ ತಲೆ ಎತ್ತದೆ. "ಬಲಗಾಲಿಗೆ ಇನ್ನೂ ಸಡಲ ಐತಿ."

"ಹೆರಿಗಿ ಆದಮ್ಯಾಲೆ ಎರಡೂ ಸಡಲ ಆಗ್ತಾವ."

"ಆದ್ರ ಆಗ್ಲಿ."

"ನಲವತ್ತು ದಿನಕ್ಕ ಬಂದೇನಿ ಅಮ್ಮಿ. ನೀ ಬಂದಿದ್ದಿಯಲ್ಲಾ ರಜಾಕ್ಕ, ಹಂಗ. ಆಮ್ಯಾಲೆ ಹೋಗಾಕಿ."

ಖಾತುನ ಎದ್ದು ನಿಂತು, ಸಂತೆಯಲ್ಲಿ ಚೌಕಾಸಿ ಮಾಡುವವಳಂತೆ ಕೇಳಿದಳು. "ಇವತ್ತಿನಿಂದ ಎಣಸ್ತೀಯೋ, ಹೆರಿಗಿ ಆದ ದಿನದಿಂದನೋ?"

ಜಾಸ್ಮೀನ ತಡೆದುಕೊಳ್ಳಲು ನೋಡಿದಳು. ಆಗಲಿಲ್ಲ, ನಕ್ಕುಬಿಟ್ಟಳು. "ಹೆರಿಗಿ ಆದ ದಿನದಿಂದ."

"ಹಂಗಾದ್ರ ಒಳಗ ನಡಿ. ಬಿಸಲಾಗ ಯಾಕ ನಿಂತಿ?"

ನಾನು ಡಬ್ಬಿಗಳನ್ನು ಒಂದೊಂದಾಗಿ ವಾಪಸ್ ಸಾಗಿಸಿದೆ.

ಮರುದಿನ ನಮಾಜು ಮುಗಿದ ಮೇಲೆ ಏಜೆಂಟ ಬಂದ. ಮೆಟ್ಟಿಲು ಹತ್ತಿದ ಸಿಟ್ಟು ಅವನ ಮುಖದ ಮೇಲೆ ಇತ್ತು. ಖಾತುನಳ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅವಳು ನೆಲದ ಮೇಲೆ ಕೂತಿದ್ದಳು. ಮಗಳ ಎರಡೂ ಪಾದ ಅವಳ ತೊಡೆಯ ಮೇಲಿದ್ದವು. ಮಗ್ಗುಲಲ್ಲಿ ಎಣ್ಣೆಯ ಬಟ್ಟಲು. ಮಗಳು ಕಣ್ಣು ಮುಚ್ಚಿದ್ದಳು.

"ಅಕ್ಕಾ" ಎಂದು ಖಾತುನ ಮೆಲ್ಲಗೆ ಕರೆದಳು. "ಅವ್ರಿಗೆ ಹೇಳ್ರಿ, ಕೈಗೆ ಎಣ್ಣಿ ಹತ್ತೈತಿ, ಈಗ ಏಳಾಕ ಬರೂದಿಲ್ಲ ಅಂತ."

ಹೇಳಿದೆ. "ಮತ್ತ ಯಾವಾಗ ಬರ್ಲಿ?" ಎಂದ.

ನನಗೇನು ಗೊತ್ತು. ಹುಡುಗಿ ಹೇಳಿದ್ದು ನಲವತ್ತು ದಿನ. ಆದರೆ ಎಣಿಕೆ ಇನ್ನೂ ಶುರುವಾಗಿರಲಿಲ್ಲ. ಅವನಿಗೆ ಒಂದು ರೊಟ್ಟಿ, ಒಂದು ಲೋಟ ನೀರು ಕೊಟ್ಟೆ. ತಿಂದು ಹೋದ.